ನಳ ರಿಪೇರಿಗೆ ಬರುತ್ತಿದ್ದ ಆಟಗಾರ

ಪ್ರೆಸ್ಟನ್‌ಗೆ ಬಂದು ನಾಲ್ಕು ವರ್ಷವಾಯಿತು. ಇಂಗ್ಲೆಂಡಿನ ವಾಯವ್ಯದ ಊರು, ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಮೇಲೆ ಬದುಕಿದ್ದು. ಎಂಎಸ್‌ಕೆ ಮಿಲ್ ಮುಚ್ಚಿದ ಮೇಲಿನ ಕಲಬುರಗಿ ಕಂಡವರಿಗೆ ಇಲ್ಲಿನ ಹಳೆಯ ಗಿರಣಿ ಕಟ್ಟಡಗಳು ಹೊಸದೆನಿಸುವುದಿಲ್ಲ. ನಾನು ದುಡಿಯುವುದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ.

ಅಲ್ಲೊಬ್ಬರು ಅಜ್ಜ ಇದ್ದಾರೆ, ತೊಂಬತ್ತರ ಹತ್ತಿರ. ಮನಸ್ಸಿನಲ್ಲಿ ನಾನವರನ್ನು ಮುತ್ಯಾ ಅಂತಲೇ ಕರೆಯುತ್ತೇನೆ. ಬೆಳಿಗ್ಗೆ ನಾಷ್ಟಾ ಮಾಡಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಗಳು ಬಂದರೆ ಒಮ್ಮೊಮ್ಮೆ ತೀರಿಹೋದ ತಂಗಿಯ ಹೆಸರು ಹಿಡಿದು ಮಾತಾಡಿಸುತ್ತಾರೆ. ಆದರೆ ಟಾಮ್ ಫಿನ್ನಿ ಅನ್ನುವ ಹೆಸರು ಕಿವಿಗೆ ಬಿದ್ದರೆ ಸಾಕು, ಬೆನ್ನು ನೆಟ್ಟಗಾಗುತ್ತದೆ.

ಮೊದಮೊದಲು ನನಗೆ ಆ ಹೆಸರೇ ಗೊತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ತಿಳಿಯಿತು, ಈ ಊರಿನ ಫುಟ್‌ಬಾಲ್ ಆಟಗಾರ. ಫಿನ್ನಿ 1922ರಲ್ಲಿ ಹುಟ್ಟಿದ್ದು ಇಲ್ಲಿನ ಡೀಪ್‌ಡೇಲ್ ಮೈದಾನದ ಹತ್ತಿರದ ಬೀದಿಯಲ್ಲೇ. ಹುಡುಗನಾಗಿದ್ದಾಗಲೇ ಕ್ಲಬ್ಬಿನವರು ಕರೆದರು. ಅಪ್ಪ ಒಪ್ಪಲಿಲ್ಲ, ಮೊದಲು ಒಂದು ಕೈಕೆಲಸ ಕಲಿ ಅಂದರು. ಹಾಗಾಗಿ ಪ್ಲಂಬರ್ ಕೆಲಸ ಕಲಿತರು. ನಂತರ ಯುದ್ಧ ಬಂತು, ಸೈನ್ಯ ಸೇರಿ ಈಜಿಪ್ಟಿಗೆ ಹೋದರು. ಲೀಗ್‌ನಲ್ಲಿ ಮೊದಲ ಪಂದ್ಯ ಆಡುವ ಹೊತ್ತಿಗೆ 24 ವರ್ಷ. ಅಲ್ಲಿಂದ 1960ರವರೆಗೆ ಪ್ರೆಸ್ಟನ್ ನಾರ್ತ್ ಎಂಡ್ ಒಂದೇ ಕ್ಲಬ್ಬು, 433 ಲೀಗ್ ಪಂದ್ಯ, 187 ಗೋಲು. ಇಂಗ್ಲೆಂಡಿಗಾಗಿ 76 ಪಂದ್ಯ, 30 ಗೋಲು.

ಮುತ್ಯಾ ಮಾತ್ರ ಒಂದು ದಿನವೂ ಈ ಲೆಕ್ಕ ಹೇಳಿಲ್ಲ. ಅವರು ಹೇಳುವುದು 1946ರ ಮಾತು. ಗಿರಣಿಯಲ್ಲಿದ್ದ ಅಪ್ಪ ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟು, ಮುಖ ಸಹ ತೊಳೆಯದೆ ಮಗನ ಕೈ ಹಿಡಿದು ಮೈದಾನಕ್ಕೆ ನಡೆದರಂತೆ. ಎಲ್ಲರೂ ನಿಂತೇ ನೋಡುವ ಕಾಲ, ಹತ್ತು ವರ್ಷದ ಹುಡುಗನಿಗೆ ಕಾಣುವುದು ಬರೀ ಕೋಟಿನ ಬೆನ್ನು. ದೊಡ್ಡವರು ಅವನನ್ನು ಎತ್ತಿ, ತಲೆಗಳ ಮೇಲಿಂದಲೇ ಕೈಯಿಂದ ಕೈಗೆ ದಾಟಿಸಿ ಮುಂದಿನ ಗೋಡೆಗೆ ಮುಟ್ಟಿಸಿದರು. ನಮ್ಮೂರ ಜಾತ್ರೆಯಲ್ಲಿ ತೇರಿನ ಮುಂದೆ ಮಕ್ಕಳನ್ನು ಹೀಗೇ ದಾಟಿಸುವುದನ್ನು ಕಂಡಿದ್ದೆ. "ಅಷ್ಟು ಹತ್ತಿರ ಇದ್ದೆ, ಟಾಮ್‌ನ ಉಸಿರು ಕೇಳಿಸುತ್ತಿತ್ತು" ಅನ್ನುತ್ತಾರೆ ಮುತ್ಯಾ. ಇದನ್ನು ನನಗೆ ನೂರು ಸಲವಾದರೂ ಹೇಳಿದ್ದಾರೆ. ನನಗೆ ಬೇಸರವಾಗಿಲ್ಲ.

ಇನ್ನೊಂದು ನೆನಪು ಅಡುಗೆಮನೆಯದು. ಫಿನ್ನಿ ಹೆಸರಾದ ಮೇಲೂ ಪ್ಲಂಬರ್ ಕೆಲಸ ಬಿಡಲಿಲ್ಲ. ಆಗ ಆಟಗಾರರ ವಾರದ ಪಗಾರಕ್ಕೊಂದು ಮಿತಿ ಇತ್ತು, ಅವರು ಆಟ ಬಿಡುವಾಗಲೂ ಅದು 20 ಪೌಂಡು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬಿನವರು 10,000 ಪೌಂಡು, ಬಂಗಲೆ, ಕಾರು ಕೊಡುತ್ತೇವೆ ಬಾ ಅಂದಾಗ ಇಲ್ಲಿನ ಕ್ಲಬ್ಬು ಬಿಡಲಿಲ್ಲ. ಆಟಗಾರನನ್ನು ಹಾಗೆ ಕಟ್ಟಿಹಾಕಿದ್ದು ಅನ್ಯಾಯ ಅಂತಲೇ ನನಗನಿಸುತ್ತದೆ. ಆದರೆ ಅವರು ಉಳಿದಿದ್ದರಿಂದಲೇ ಮುತ್ಯಾನ ತಾಯಿ ಮನೆಯ ಸೋರುವ ನಳಕ್ಕೆ ಒಂದು ಸೋಮವಾರ ಫಿನ್ನಿ ಪಾನಾ ಹಿಡಿದು ಬಂದರು. ತಾಯಿ ಚಹಾ ಕೊಟ್ಟರು. ಆ ಕಪ್ಪನ್ನು ಎಷ್ಟೋ ದಿನ ಯಾರಿಗೂ ಮುಟ್ಟಗೊಡಲಿಲ್ಲವಂತೆ.

ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ದೇಶದ ಸಲುವಾಗಿ ಆಡಾಂವ ಬಂದು ನಳ ರಿಪೇರಿ ಮಾಡ್ತಿದ್ದ? ಇದಕ್ಕ ಕಾಯಕ ಅಂತಾರ ನೋಡವ್ವ."

ಸೋಲನ್ನೂ ಮುತ್ಯಾ ಮುಚ್ಚಿಡುವುದಿಲ್ಲ. 1953ರಲ್ಲಿ ಪ್ರೆಸ್ಟನ್‌ಗೆ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಷ್ಟೇ ಅಂಕ ಬಂದರೂ ಗೋಲುಗಳ ಸರಾಸರಿಯಲ್ಲಿ ಲೀಗ್ ಪ್ರಶಸ್ತಿ ಕೈತಪ್ಪಿತು. ಮರುವರ್ಷ ಇಂಗ್ಲೆಂಡಿನ ಕ್ಲಬ್ಬುಗಳ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬಿನ ಎದುರು 3-2ರಿಂದ ಸೋತರು. "ಆ ದಿನ ಟಾಮ್‌ಗೆ ಆಟ ಹತ್ತಲಿಲ್ಲ" ಅಂತ ಹೇಳಿ ಕಿಟಕಿಯಾಚೆ ನೋಡುತ್ತಾರೆ. ಫಿನ್ನಿ ಆಟ ಬಿಟ್ಟ ಮರುವರ್ಷ ಪ್ರೆಸ್ಟನ್ ಮೇಲಿನ ದರ್ಜೆಯಿಂದ ಇಳಿಯಿತು, ಇವತ್ತಿನವರೆಗೂ ಮರಳಿ ಏರಿಲ್ಲ.

ವಯಸ್ಸಾದ ಮೇಲೆ ಫಿನ್ನಿಯವರ ಹೆಂಡತಿ ಎಲ್ಸಿಗೆ ಮರೆವಿನ ಕಾಯಿಲೆ ಬಂತು. ಆರೈಕೆ ಮಾಡಿದ್ದು ಫಿನ್ನಿಯವರೇ. ಈ ಕೆಲಸದಲ್ಲಿರುವ ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. 2014ರ ಫೆಬ್ರುವರಿಯಲ್ಲಿ ಅವರೂ ತೀರಿಕೊಂಡರು.

ಹೋದ ತಿಂಗಳು ಮುತ್ಯಾನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಡೀಪ್‌ಡೇಲ್‌ಗೆ ಹೋಗಿದ್ದೆ. ಹೊರಗಡೆ ಫಿನ್ನಿಯ ಮೂರ್ತಿ ಇದೆ. 1956ರಲ್ಲಿ ಲಂಡನ್ನಿನ ಚೆಲ್ಸಿ ಮೈದಾನದಲ್ಲಿ ಮಳೆ ಸುರಿದು ನೀರು ನಿಂತಾಗ, ಚೆಂಡಿನ ಬೆನ್ನು ಹತ್ತಿ ಜಾರುತ್ತಾ ನೀರು ಚಿಮ್ಮಿಸಿದ ಫೋಟೊ ಒಂದಿದೆ, ಅದನ್ನು ನೋಡಿ ಮಾಡಿದ್ದು. ಮೂರ್ತಿಯ ಸುತ್ತಲೂ ನಿಜವಾದ ನೀರು ಚಿಮ್ಮುತ್ತದೆ. ಮುತ್ಯಾ ಬಹಳ ಹೊತ್ತು ನೋಡಿದರು.

ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಹಚ್ಚಿದೆ. ಕಲಬುರಗಿಯಲ್ಲಿ ಆಗ ರಾತ್ರಿ ಊಟದ ಹೊತ್ತು. ಅಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು "ಶರಣ್ರೀ" ಅಂದರು. ಮುತ್ಯಾ ಕೈ ಎತ್ತಿದರು. ಅಪ್ಪ ತಮ್ಮ ಕಾಲದ ಪೈಲ್ವಾನನ ಕಥೆ ತೆಗೆದರು. ಜಾತ್ರೆಯ ಕಡೆಯ ಕುಸ್ತಿ, ಬೆಳ್ಳಿ ಕಡಗ, ಹೊತ್ತು ಮುಳುಗಿದರೂ ಜಾಗ ಬಿಟ್ಟು ಏಳದ ಮಂದಿ. ನಾನು ನಡುವೆ ನಿಂತು ಅದನ್ನು ಇಂಗ್ಲಿಷಿಗೆ, ಇದನ್ನು ಕನ್ನಡಕ್ಕೆ ದಾಟಿಸಿದೆ.

"ಅವರ್ದು ಯಾವ ಕಾಲು ಚಲೋ ಇತ್ತು, ಕೇಳವ್ವ" ಅಂದರು ಅಪ್ಪ.

ಕೇಳಿದೆ. ಫಿನ್ನಿ ಹುಟ್ಟಾ ಎಡಗಾಲಿನವರು, ಬಲಗಾಲನ್ನು ಸಾಧಿಸಿ ಬಲಗಡೆ ಆಡಿದವರು. ಮುತ್ಯಾ ಬಾಯಲ್ಲಿ ಉತ್ತರ ಹೇಳಲಿಲ್ಲ. ಮೊಣಕಾಲ ಮೇಲಿನ ಚಾದರ ಸರಿಸಿ, ಬಲಗಾಲನ್ನು ಒಂದು ಗೇಣು ಮುಂದಿಟ್ಟರು. ಆಮೇಲೆ ಮೆಲ್ಲಗೆ, ಎಡಗಾಲು.