ಗ್ರ್ಯಾಂಡ್ ಕೇಮನ್‌ನಲ್ಲಿ ಕಾಂಡೊ: ಮೊದಲು ದಂಡೆ, ಆಮೇಲೆ ಮನೆ

ಕೆರಿಬಿಯನ್ ದ್ವೀಪವೊಂದರಲ್ಲಿ ರಜೆ ಕಳೆಯಲು ಕಾಂಡೊ (ಅಡುಗೆಮನೆ ಸಮೇತ ಬಾಡಿಗೆಗೆ ಸಿಗುವ ಅಪಾರ್ಟ್‌ಮೆಂಟ್) ಹುಡುಕುವವರು ಸಾಮಾನ್ಯವಾಗಿ ಫೋಟೊಗಳಿಂದಲೇ ಶುರು ಮಾಡುತ್ತಾರೆ. ಬಿಳಿ ಸೋಫಾ, ಗಾಜಿನ ಬಾಗಿಲು, ಅದರಾಚೆ ತಿಳಿನೀಲಿ ಕಡಲು. ಗ್ರ್ಯಾಂಡ್ ಕೇಮನ್‌ನ ಜಾಹೀರಾತುಗಳಲ್ಲಿ ಎಲ್ಲಿ ನೋಡಿದರೂ ಇದೇ ಚಿತ್ರ ಇರುವುದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅವು ಏನೇನೂ ನೆರವಾಗುವುದಿಲ್ಲ. ನಾನು ಮೊದಲು ತೆರೆಯುವುದು ನಕ್ಷೆಯನ್ನು. ಮನೆ ದ್ವೀಪದ ಯಾವ ಮಗ್ಗುಲಿನಲ್ಲಿದೆ ಎಂಬುದು ಖಚಿತವಾದ ಮೇಲಷ್ಟೇ ಒಳಗೆ ಎಷ್ಟು ಮಲಗುವ ಕೋಣೆಗಳಿವೆ, ಅಡುಗೆಮನೆ ಹೇಗಿದೆ ಎಂಬ ವಿಚಾರ.

ಇದಕ್ಕೆ ಕಾರಣ ಗಾಳಿ. ವರ್ಷದ ಬಹುಪಾಲು ಇಲ್ಲಿ ವಾಣಿಜ್ಯ ಮಾರುತಗಳು ಪೂರ್ವ ಮತ್ತು ಈಶಾನ್ಯ ದಿಕ್ಕಿನಿಂದ ಬೀಸುತ್ತವೆ. ಆದ್ದರಿಂದ ಈಸ್ಟ್ ಎಂಡ್ ಕಡೆಯ ಮನೆಗಳ ಬಾಲ್ಕನಿಯಲ್ಲಿ ತಂಪು ಗಾಳಿ ಸದಾ ಇರುತ್ತದೆ, ಆದರೆ ಪತ್ರಿಕೆ ಬಿಡಿಸಿಕೊಂಡು ಕೂರುವುದು ಕಷ್ಟ. ಪಶ್ಚಿಮದ ಸೆವೆನ್ ಮೈಲ್ ಬೀಚ್ ಗಾಳಿಯ ಮರೆಯಲ್ಲಿರುವುದರಿಂದ ಅಲ್ಲಿ ನೀರು ಹೆಚ್ಚಿನ ದಿನಗಳಲ್ಲಿ ಕೊಳದಂತೆ ನಿಂತಿರುತ್ತದೆ. (ಹೆಸರಿನಲ್ಲಿ ಏಳು ಮೈಲಿ ಇದ್ದರೂ ದಂಡೆಯ ಉದ್ದ ಅಷ್ಟಿಲ್ಲ, ಅದನ್ನು ಯಾರೂ ತಿದ್ದುವ ಗೋಜಿಗೆ ಹೋಗಿಲ್ಲ.) ಕಂದು ಬಣ್ಣದ ಸರ್ಗಾಸಮ್ ಪಾಚಿ ರಾಶಿರಾಶಿಯಾಗಿ ತೇಲಿಬರುವ ತಿಂಗಳುಗಳಲ್ಲಿಯೂ ಪೆಟ್ಟು ಬೀಳುವುದು ಹೆಚ್ಚಾಗಿ ಪೂರ್ವ ಮತ್ತು ದಕ್ಷಿಣದ ದಂಡೆಗಳಿಗೆ. ದಡಕ್ಕೆ ಬಿದ್ದು ಕೊಳೆಯತೊಡಗಿದ ಆ ಪಾಚಿಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಹೊರಡುತ್ತದೆ, ಮತ್ತು ಎಷ್ಟೇ ಚೆಲುವಾದ ಬಾಲ್ಕನಿಯಾದರೂ ಆ ವಾಸನೆಯ ಮುಂದೆ ಬಾಗಿಲು ಮುಚ್ಚಲೇಬೇಕಾಗುತ್ತದೆ. ಹಾಗೆಂದು ಪಶ್ಚಿಮದ ದಂಡೆ ವರ್ಷವಿಡೀ ಶಾಂತವಲ್ಲ. ಚಳಿಗಾಲದಲ್ಲಿ ಉತ್ತರ ಅಮೆರಿಕದ ಶೀತ ಮಾರುತದ ಅಂಚು ಇಲ್ಲಿಯವರೆಗೆ ಚಾಚಿದಾಗ ಗಾಳಿ ವಾಯವ್ಯಕ್ಕೆ ತಿರುಗುತ್ತದೆ. ಸ್ಥಳೀಯರು ನಾರ್‌ವೆಸ್ಟರ್ ಎನ್ನುವ ಈ ಗಾಳಿ ಬಂದ ದಿನ ಸೆವೆನ್ ಮೈಲ್ ಬೀಚ್‌ನಲ್ಲಿ ಈಜುವಂತಿಲ್ಲ, ಕ್ರೂಸ್ ಹಡಗಿನ ಪ್ರಯಾಣಿಕರನ್ನು ಕೂಡ ರಾಜಧಾನಿ ಜಾರ್ಜ್ ಟೌನ್‌ನ ಬಂದರಿನ ಬದಲು ದಕ್ಷಿಣ ತೀರದ ಸ್ಪಾಟ್ಸ್‌ನಲ್ಲಿ ಇಳಿಸುತ್ತಾರೆ.

ಎರಡನೆಯದು, ಜಾಹೀರಾತಿನ ಭಾಷೆ. ‘ಓಷನ್‌ಫ್ರಂಟ್’ ಎಂದರೆ ಮನೆಯ ಮುಂದೆ ಕಡಲಿದೆ ಎಂದಷ್ಟೇ ಅರ್ಥ, ಮರಳಿದೆ ಎಂದಲ್ಲ. ದ್ವೀಪದ ತೀರದ ಎಷ್ಟೋ ಭಾಗ ಐರನ್‌ಶೋರ್ ಎಂದು ಕರೆಯುವ ಗಟ್ಟಿ ಸುಣ್ಣಕಲ್ಲಿನದು. ಬೂದು ಕಪ್ಪು ಬಣ್ಣದ ಈ ಬಂಡೆಯ ಮೈ ತುಂಬ ಗುಳಿಗಳು, ಗುಳಿಗಳ ಅಂಚುಗಳೆಲ್ಲ ಚೂಪು. ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಲಾಗದು. ಇಂಥ ಕಡೆ ಕಾಂಡೊದವರು ಬಂಡೆಗೆ ಕಬ್ಬಿಣದ ಏಣಿ ಕಟ್ಟಿಸಿರುತ್ತಾರೆ, ಅದರಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕು. ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿ, ಮುಖ ನೀರಲ್ಲಿಟ್ಟು ಈಜುವುದು) ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಮೀನುಗಳು ಬಂಡೆಯ ಬುಡದಲ್ಲೇ ಇರುತ್ತವೆ. ಮೂರು ವರ್ಷದ ಮಗುವಿರುವ ಕುಟುಂಬಕ್ಕೆ ಇದು ಕಡಲನ್ನು ದೂರದಿಂದ ನೋಡುವ ರಜೆ. ಉಪಗ್ರಹ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಮನೆಯ ಮುಂದಿರುವುದು ಬಿಳಿ ಪಟ್ಟಿಯೋ ಕಪ್ಪು ಪಟ್ಟಿಯೋ ತಿಳಿಯುತ್ತದೆ. ಆಚೆ ನೀರಿನಲ್ಲಿ ನೊರೆಯ ಗೆರೆ ಕಂಡರೆ ಅದು ಅಲೆಗಳನ್ನು ತಡೆಯುವ ಹವಳದ ದಿಬ್ಬ.

ಸೆವೆನ್ ಮೈಲ್ ಬೀಚ್‌ನ ಒಳಗೂ ವ್ಯತ್ಯಾಸವಿದೆ, ಇದನ್ನು ಬಾಡಿಗೆಗೆ ಕೊಡುವವರು ತಾವಾಗಿ ಹೇಳುವುದಿಲ್ಲ. ದಂಡೆಯ ದಕ್ಷಿಣದ ತುದಿಯಲ್ಲಿ ಕೊರೆತ ತೀವ್ರವಾಗಿದೆ. ನೀರಿಗೆ ತೀರ ಹತ್ತಿರ ಕಟ್ಟಡ ಕಟ್ಟಿ, ಅದರ ರಕ್ಷಣೆಗೆ ತಡೆಗೋಡೆ ಎಬ್ಬಿಸಿದ ಕಡೆಗಳಲ್ಲಿ ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ ಮರಳನ್ನೂ ಎಳೆದೊಯ್ಯುತ್ತದೆ; ಕೆಲವು ಕಟ್ಟಡಗಳ ಮುಂದೆ ಈಗ ದಂಡೆಯೇ ಉಳಿದಿಲ್ಲ, ಮೆಟ್ಟಿಲು ನೇರ ನೀರಿಗೆ ಇಳಿಯುತ್ತದೆ. ಆದರೆ ಜಾಹೀರಾತಿನ ಫೋಟೊದಲ್ಲಿ ಮರಳು ಇನ್ನೂ ವಿಶಾಲವಾಗಿಯೇ ಇರಬಹುದು. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದು, ಇತ್ತೀಚಿನ ಅತಿಥಿಗಳು ಹಾಕಿದ ಫೋಟೊಗಳ ದಿನಾಂಕ ಗಮನಿಸುವುದು, ಇವೆರಡೇ ಇದಕ್ಕೆ ಮದ್ದು. ನನ್ನ ಆಯ್ಕೆ ಯಾವಾಗಲೂ ದಂಡೆಯ ನಡುಭಾಗ ಅಥವಾ ಉತ್ತರದ ಭಾಗ.

ಕಟ್ಟಡದ ವಿಚಾರಕ್ಕೆ ಬಂದರೆ, ಹೊಸ ಹತ್ತು ಮಹಡಿಯ ಗೋಪುರಗಳಿಗಿಂತ ಹಳೆಯ ಮೂರು ಮಹಡಿಯ ಕಾಂಡೊಗಳೇ ನನಗೆ ಇಷ್ಟ. ದಂಡೆಯಲ್ಲಿ ಎತ್ತರದ ಕಟ್ಟಡಗಳಿಗೆ ಅನುಮತಿ ಇಲ್ಲದ ಕಾಲದಲ್ಲಿ ಕಟ್ಟಿದ ಇವುಗಳಲ್ಲಿ ಅಂಗಳ ದೊಡ್ಡದು, ಬಾಗಿಲಿನಿಂದ ನೀರಿಗೆ ದೂರ ಕಡಿಮೆ. ಎರಡು ಕೊರತೆಗಳನ್ನು ಒಪ್ಪಿಕೊಳ್ಳಬೇಕು: ಲಿಫ್ಟ್ ಇಲ್ಲದ ಕಟ್ಟಡಗಳು ಬಹಳ, ಆದ್ದರಿಂದ ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ನೆಲಮಹಡಿಯನ್ನೇ ಕೇಳಬೇಕು, ಮತ್ತು ಒಂದೇ ಸಂಕೀರ್ಣದಲ್ಲಿ ಪ್ರತಿ ಮನೆಗೂ ಬೇರೆ ಮಾಲೀಕರು ಇರುವುದರಿಂದ ಒಂದು ಮನೆ ಕಳೆದ ವರ್ಷ ನವೀಕರಣಗೊಂಡಿದ್ದರೆ ಪಕ್ಕದ್ದು ಇಪ್ಪತ್ತು ವರ್ಷದ ಹಿಂದಿನ ಸ್ಥಿತಿಯಲ್ಲೇ ಇರಬಹುದು. ಸಂಕೀರ್ಣದ ಹೆಸರು ನೋಡಿ ಹಣ ಕಟ್ಟದೆ ಮನೆಯ ಸಂಖ್ಯೆಯನ್ನೇ ಬರಹದಲ್ಲಿ ಪಡೆಯುವುದು ಒಳ್ಳೆಯದು. ಅತಿಥಿಗಳ ಫೋಟೊಗಳಲ್ಲಿ ನಾನು ಹುಡುಕುವುದು ತುಕ್ಕನ್ನು: ಫ್ರಿಜ್ಜಿನ ಬಾಗಿಲ ಕೀಲು, ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಹಳಿ, ಏಸಿಯ ಹೊರಘಟಕ. ಉಪ್ಪು ಗಾಳಿಯಲ್ಲಿ ಇವು ಬೇಗ ಕೆಡುತ್ತವೆ. ಇವು ಸ್ವಚ್ಛವಾಗಿದ್ದರೆ ಮಾಲೀಕರು ಮನೆಯ ಮೇಲೆ ಕಣ್ಣಿಟ್ಟಿದ್ದಾರೆ ಎಂದೇ ಲೆಕ್ಕ. ಬಾಲ್ಕನಿಗೆ ಸಣ್ಣ ರಂಧ್ರದ ಕೀಟ ಪರದೆ ಇದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಗಾಳಿ ನಿಂತ ಸಂಜೆಗಳಲ್ಲಿ ಕಣ್ಣಿಗೆ ಕಾಣದ ಮರಳುನೊಣಗಳು ಕಾಲು ಕಚ್ಚುತ್ತವೆ.

ಇನ್ನು ಹಣ. ಹುಡುಕಾಟದ ಪಟ್ಟಿಯಲ್ಲಿ ಕಾಣುವ ದರವನ್ನು ನಂಬಿ ಬಜೆಟ್ ಹಾಕಬಾರದು. ಉದಾಹರಣೆಗೆ ರಾತ್ರಿಗೆ 400 ಅಮೆರಿಕನ್ ಡಾಲರಿನಂತೆ 7 ರಾತ್ರಿಗೆ 2,800 ಎಂದುಕೊಳ್ಳೋಣ. ಹಲವು ವರ್ಷಗಳಿಂದ ಶೇ. 13ರ ದರದಲ್ಲಿ ವಸೂಲಾಗುತ್ತಿರುವ ಪ್ರವಾಸಿ ವಸತಿ ತೆರಿಗೆ 364, ಕೆಲವು ಸಂಕೀರ್ಣಗಳು ಸೇರಿಸುವ ಸೇವಾ ಶುಲ್ಕ ಶೇ. 10 ಎಂದರೆ 280, ಸ್ವಚ್ಛತೆಗೆ 200. ಒಟ್ಟು 3,644 ಆಗಿ, ರಾತ್ರಿಯ ದರ ಸದ್ದಿಲ್ಲದೆ 520 ದಾಟುತ್ತದೆ. ದಿನಸಿ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಬೆಲೆಚೀಟಿಯಲ್ಲಿರುವುದು ಕೇಮನ್ ಡಾಲರ್. ಒಂದು ಕೇಮನ್ ಡಾಲರಿಗೆ 1.20 ಅಮೆರಿಕನ್ ಡಾಲರ್ ಎಂದು ದರ ನಿಗದಿಯಾಗಿದ್ದರೂ ಅಂಗಡಿಗಳು ಅಮೆರಿಕನ್ ಡಾಲರನ್ನು ಸಾಮಾನ್ಯವಾಗಿ 80 ಕೇಮನ್ ಸೆಂಟಿಗೆ ಹಿಡಿಯುವುದರಿಂದ 10 ಎಂದು ಬರೆದ ವಸ್ತುವಿಗೆ ನೀವು ತೆರುವುದು 12.50 ಅಮೆರಿಕನ್ ಡಾಲರ್. ಬಹುತೇಕ ಎಲ್ಲ ಆಹಾರವೂ ಹೊರಗಿನಿಂದಲೇ ಬರುತ್ತದೆ. ಇಷ್ಟಾದರೂ ಪ್ರತಿ ಹೊತ್ತೂ ಹೋಟೆಲಿನಲ್ಲಿ ತಿನ್ನುವುದಕ್ಕಿಂತ ಕಾಂಡೊದ ಅಡುಗೆಮನೆಯೇ ಅಗ್ಗ. ಸೂಪರ್‌ಮಾರ್ಕೆಟ್‌ಗಳು ಭಾನುವಾರ ಮುಚ್ಚಿರುತ್ತವೆ. ಶನಿವಾರ ರಾತ್ರಿ ತಡವಾಗಿ ಬಂದಿಳಿಯುವವರು ಮರುದಿನದ ಹಾಲು ಬ್ರೆಡ್ಡನ್ನು ಮೊದಲೇ ತರಿಸಿಡಲು ಮಾಲೀಕರನ್ನು ಕೇಳಬಹುದು. ಕುಡಿಯುವ ನೀರಿನ ಚಿಂತೆ ಬೇಡ. ನದಿಯೇ ಇಲ್ಲದ ಈ ದ್ವೀಪದಲ್ಲಿ ಕೊಳಾಯಿಗೆ ಬರುವುದು ಉಪ್ಪು ತೆಗೆದ ಕಡಲ ನೀರು, ಅದನ್ನು ಧಾರಾಳವಾಗಿ ಕುಡಿಯಬಹುದು.

ಉತ್ತರ ದಂಡೆಯ ರಮ್ ಪಾಯಿಂಟ್ ಮತ್ತು ಕೇಮನ್ ಕೈ ಕಡೆಯ ಮನೆಗಳ ಬಗ್ಗೆ ಬಹಳ ಜನ ವಿಚಾರಿಸುತ್ತಾರೆ. ಮೊಣಕಾಲುದ್ದದ ನೀರು, ಹತ್ತಿರದಲ್ಲೇ ಸ್ಟಾರ್‌ಫಿಶ್ ಪಾಯಿಂಟ್, ಅಮಾವಾಸ್ಯೆಯ ಆಸುಪಾಸಿನಲ್ಲಿ ಕೈಯಾಡಿಸಿದರೆ ಸೂಕ್ಷ್ಮಜೀವಿಗಳಿಂದ ನೀರು ಮಿನುಗುವ ಕೊಲ್ಲಿ, ಎಲ್ಲವೂ ನಿಜ. ಆದರೆ ಜಾರ್ಜ್ ಟೌನ್‌ನಿಂದ ಮುಕ್ಕಾಲು ಗಂಟೆಯ ದಾರಿ, ಕಾರಿಲ್ಲದೆ ಏನೂ ನಡೆಯದು; ವಾಹನ ಸಂಚಾರ ರಸ್ತೆಯ ಎಡಬದಿಯಲ್ಲಿ. ಸುತ್ತಾಡುವ ಆಸೆಯಿರುವವರಿಗೆ ಆ ಜಾಗ ಒಗ್ಗುವುದಿಲ್ಲ. ಓದುತ್ತ ಮಲಗುವವರಿಗೆ ಹೇಳಿ ಮಾಡಿಸಿದಂತಿದೆ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಉಗ್ರವಾಗಿರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬಾಡಿಗೆ ಇಳಿಯುವುದೂ ಇದೇ ತಿಂಗಳುಗಳಲ್ಲಿ. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಚಂಡಮಾರುತ ಈ ದ್ವೀಪವನ್ನು ಜರ್ಜರಿತಗೊಳಿಸಿತ್ತು. ಅಂಥದ್ದು ಅಪರೂಪವಾದರೂ, ಬಿರುಗಾಳಿ ದೂರದಲ್ಲಿ ಹಾದುಹೋದರೂ ಸಾಕು, ವಿಮಾನಗಳು ರದ್ದಾಗಬಹುದು. ಒಪ್ಪಂದದಲ್ಲಿ ಚಂಡಮಾರುತದ ಷರತ್ತು ಪ್ರತ್ಯೇಕವಾಗಿರಬೇಕು: ಎಚ್ಚರಿಕೆ ಹೊರಬಿದ್ದರೆ ಹಣ ಹಿಂದಿರುಗುವುದೋ, ಬೇರೆ ದಿನಾಂಕ ಕೊಡುವರೋ, ಅಥವಾ ಎರಡೂ ಇಲ್ಲವೋ. ಪ್ರಯಾಣ ವಿಮೆಯನ್ನು ಮನೆ ಕಾದಿರಿಸಿದ ದಿನವೇ ಮಾಡಿಸಬೇಕು. ಬಿರುಗಾಳಿಗೆ ಹೆಸರಿಟ್ಟ ಮೇಲೆ ಮಾಡಿಸಿದ ವಿಮೆ ಆ ಬಿರುಗಾಳಿಗೆ ಅನ್ವಯಿಸುವುದಿಲ್ಲ.

ಪಟ್ಟಿ ಎರಡು ಮೂರು ಮನೆಗಳಿಗೆ ಇಳಿದಾಗ ನಾನು ಮಾಲೀಕರಿಗೆ ಒಂದು ಚಿಕ್ಕ ಸಂದೇಶ ಕಳಿಸುತ್ತೇನೆ. ಈ ತಿಂಗಳು ಮೆಟ್ಟಿಲಿನ ಮುಂದೆ ಎಷ್ಟು ಮರಳಿದೆ, ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ, ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇದೆಯೇ, ವಿದ್ಯುತ್ ಹೋದರೆ ಜನರೇಟರ್ ಇದೆಯೇ ಎಂದು ಕೇಳುತ್ತೇನೆ. ಅದೇ ದಿನ ತೆಗೆದ ಫೋಟೊ ಸಮೇತ ಉತ್ತರ ಬಂದರೆ ಹಣ ಕಟ್ಟುತ್ತೇನೆ. ‘ಬೀಚ್ ಅದ್ಭುತವಾಗಿದೆ, ನಿಮಗೆ ಖಂಡಿತ ಇಷ್ಟವಾಗುತ್ತದೆ’ ಎಂದಷ್ಟೇ ಬಂದರೆ ಪಟ್ಟಿಯಲ್ಲಿರುವ ಮುಂದಿನ ಮನೆಯವರಿಗೆ ಬರೆಯುತ್ತೇನೆ.