641ರ ಮಗ್ಗಿಗೆ ಸಿಕ್ಕಿಬಿದ್ದ 4,29,49,67,297

2ರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ ಇದು. ಬಾಯಲ್ಲಿ ಹೇಳುವುದಾದರೆ 429 ಕೋಟಿ 49 ಲಕ್ಷದ 67 ಸಾವಿರದ 297. ಘಾತ 32ರ ಬದಲು 1, 2, 4, 8, 16 ಇಟ್ಟರೆ ಇದೇ ಸಾಲಿನಲ್ಲಿ ಹಿಂದೆ ಬರುವ 3, 5, 17, 257, 65537 ಐದೂ ಅವಿಭಾಜ್ಯ. ಹಾಗಾಗಿ ಇದೂ ಅವಿಭಾಜ್ಯವೇ ಇರಬೇಕೆಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದೇಬಿಟ್ಟ: 641 × 67,00,417.

ಒಡೆಯಲು ಸಾವಿರಾರು ಸಲ ಭಾಗಿಸುತ್ತ ಕೂರಬೇಕಿಲ್ಲ. ಇದರ ಯಾವ ಅವಿಭಾಜ್ಯ ಅಪವರ್ತನವನ್ನು 128ರಿಂದ ಭಾಗಿಸಿದರೂ ಶೇಷ 1 ಬರಲೇಬೇಕು. ಅಂದರೆ 129, 257, 385, 513, 641... ಹೀಗೆ ನೋಡುತ್ತ ಹೋದರೆ ಸಾಕು. 129, 385, 513 ಅವಿಭಾಜ್ಯಗಳಲ್ಲ. 257ರಿಂದ ಭಾಗಿಸಿದರೆ ಶೇಷ 2. ಐದನೆಯದೇ 641!

ಅಲ್ಲಿ ಭಾಗಾಕಾರವನ್ನೂ ತಪ್ಪಿಸಬಹುದು. 641 ಎಂದರೆ 5×128+1. 625+16 ಕೂಡ ಹೌದು. 641ರಿಂದ ಭಾಗಿಸಿದಾಗಿನ ಶೇಷದ ಲೆಕ್ಕದಲ್ಲಿ (ಅಲ್ಲಿ 641 ಎಂದರೆ ಸೊನ್ನೆ) ಮೊದಲನೆಯದು ಹೇಳುವುದು, 5×2⁷ ಎಂದರೆ −1. ನಾಲ್ಕನೇ ಘಾತಕ್ಕೇರಿಸಿ: 625×2²⁸ ಎಂದರೆ 1. ಎರಡನೆಯದರಿಂದ 625 ಎಂದರೆ −16, ಅಂದರೆ −2⁴. ಅದನ್ನು ಹಾಕಿದರೆ −2³² ಎಂದರೆ 1. ಮುಗಿಯಿತು, 2³²+1ಕ್ಕೆ ಶೇಷ ಸೊನ್ನೆ.

67,00,417 ಇನ್ನೂ ಒಡೆಯುತ್ತದೆಯೇ? ಅದರ ವರ್ಗಮೂಲ 2588 ಚಿಲ್ಲರೆ. ಅಷ್ಟರೊಳಗೆ 128ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯಗಳಲ್ಲಿ 257 ಬಿಟ್ಟರೆ ಉಳಿಯುವುದು 641, 769, 1153, 1409 ಮಾತ್ರ. ಶೇಷ ಕ್ರಮವಾಗಿ 44, 120, 334, 622. ಒಡೆಯುವುದಿಲ್ಲ.

ಪರೀಕ್ಷಿಸುವಾಗ ಎರಡು ಕಡೆ ಕಾಲು ಜಾರುತ್ತದೆ. ಫರ್ಮಾ ಪರೀಕ್ಷೆಯಲ್ಲಿ ಒಂದು ಆಧಾರ ಸಂಖ್ಯೆಯನ್ನು, ಪರೀಕ್ಷಿಸುವ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುತ್ತಾರೆ. ಅದನ್ನು 2 ಆಧಾರ ಇಟ್ಟು ಮಾಡಿದರೆ ಈ ಸಂಖ್ಯೆ ಅವಿಭಾಜ್ಯವಲ್ಲದಿದ್ದರೂ ಸಲೀಸಾಗಿ ಪಾಸಾಗುತ್ತದೆ, ಏಕೆಂದರೆ ಇಲ್ಲಿ 2³² ಎಂದರೇ −1, ಅದರ ವರ್ಗ 1, ಘಾತವಾದ 2³² ಅಂತೂ 64ರ ಗುಣಕ. 3ನ್ನು ಆಧಾರವಾಗಿ ತೆಗೆದುಕೊಳ್ಳಿ. ಇನ್ನೊಂದು, ಪ್ರೋಗ್ರಾಮ್‌ನಲ್ಲಿ 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕದಲ್ಲಿ (ಅದಕ್ಕೆ 2³²−1ರ ತನಕ ಮಾತ್ರ ಜಾಗ) ಇದು ಹಿಡಿಸುವುದಿಲ್ಲ. ತುಳುಕಿ ಬರೀ 1 ಉಳಿಯುತ್ತದೆ. 64 ಬಿಟ್ ಬಳಸಬೇಕು.

641 × 67,00,417 ಎಂಬುದು 2³²ಕ್ಕಿಂತ ಒಂದೇ ಹೆಚ್ಚಿರುವುದರಿಂದ ಉಪಯೋಗವೂ ಇದೆ. 32 ಬಿಟ್‌ನ ಯಾವ ಸಂಖ್ಯೆಯನ್ನಾದರೂ 641ರಿಂದ ಭಾಗಿಸಬೇಕೆಂದರೆ 67,00,417ರಿಂದ ಗುಣಿಸಿ, 64 ಬಿಟ್ ಉತ್ತರದ ಮೇಲಿನ ಅರ್ಧ ತೆಗೆದುಕೊಂಡರಾಯಿತು, ಅದೇ ಭಾಗಲಬ್ಧ. ಭಾಗಾಕಾರಕ್ಕಿಂತ ಗುಣಾಕಾರ ವೇಗ, ಅದಕ್ಕೇ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗಳು ಇಂಥ ಬದಲಾವಣೆಯನ್ನು ತಾವಾಗಿಯೇ ಮಾಡುತ್ತವೆ. 1281 ಕೊಟ್ಟು ನೋಡಿ, ಮೇಲಿನ ಅರ್ಧದಲ್ಲಿ 1. 1282 ಕೊಟ್ಟರೆ 2. ಕೆಳಗಿನ ಅರ್ಧದಲ್ಲೂ 2.