ಮಾಡಿದೆ, ಮಾಡಲಿಲ್ಲ

ಕಳೆದ ಡಿಸೆಂಬರಿನ ಒಂದು ಭಾನುವಾರ. ಆನೆಗೊಂದಿಯಲ್ಲಿ ನಮ್ಮ ಮನೆ ಕಟ್ಟೆ ಮೇಲೆ ಕೂತು ಬಾಳೆ ನಾರಿನ ಬ್ಯಾಗಿಗೆ ಹಿಡಿಕೆ ಹೆಣೆಯುತ್ತಿದ್ದೆ. ಹಂಪಿ ಕಡೆಯಿಂದ ಬಂದಿದ್ದ ಒಬ್ಬ ವಿದೇಶಿ ಹೆಂಗಸು ನಿಂತು, ಮುಗಿದ ಬ್ಯಾಗೊಂದನ್ನು ತಿರುಗಿಸಿ ಮುರುಗಿಸಿ ನೋಡಿ, "ಡಿಡ್ ಯು ಮೇಕ್ ದಿಸ್?" ಅಂತ ಕೇಳಿದರು. ಪ್ರಶ್ನೆ ಅರ್ಥವಾಯ್ತು. "ಯೆಸ್, ಐ ಮೇಕ್" ಅಂದೆ.

ಹೇಳೋದು ಬಹಳ ಇತ್ತು. ಗೊನೆ ಕಡಿದ ಮೇಲೆ ತೋಟದವರಿಗೆ ಬೇಡವಾದ ಬಾಳೆ ಗಿಡದಿಂದ ಪಟ್ಟೆ ಸುಲಿದು, ಬಿಸಿಲಿಗೆ ಒಣಗಿಸಿ, ಸಣ್ಣಗೆ ಸೀಳಿ, ಹಗ್ಗ ಹೊಸೆದು, ಆಮೇಲೆ ಅದು ಬ್ಯಾಗ್ ಆಗುತ್ತೆ. ಅಷ್ಟೆಲ್ಲಾ ಮಾಡಿದ ಕೈ ನಂದು. ಬಾಯಿಗೆ ಬಂದದ್ದು ಮೇಕ್ ಒಂದೇ. ಅವರು ನಕ್ಕು, ದುಡ್ಡು ಕೊಟ್ಟು ಹೋದರು. ನನಗೆ ಮಾತ್ರ ಆ ಹೇಳದೇ ಉಳಿದ ಮಾತು ಇಡೀ ದಿನ ಗಂಟಲಲ್ಲೇ ಇತ್ತು.

ಸಂಜೆ ಅಕ್ಕನ ಮಗಳು ಬಂದಳು. ಗಂಗಾವತಿಯಲ್ಲಿ ಬಿ.ಎ. ಓದ್ತಾಳೆ. ನಡೆದದ್ದು ಹೇಳಿದೆ.

"ಚಿಗವ್ವ, ಮುಗಿದ ಕೆಲಸಕ್ಕ ಮೇಡ್ ಅನ್ಬೇಕು. ಐ ಮೇಡ್ ದಿಸ್."

"ಮತ್ತ ಆಕಿ ಯಾಕ ಮೇಕ್ ಅಂತ ಕೇಳಿದ್ಲು? ಕೆಲಸ ಮುಗಿದಿತ್ತಲ್ಲ?"

ಇದನ್ನೇ ಹೈಸ್ಕೂಲಿನಲ್ಲೂ ಕೇಳಿದ್ದೆ. ಡಿಡ್ ಬಂದರೆ ಮೊದಲನೇ ರೂಪ, ಬಾಯಿಪಾಠ ಮಾಡು ಅನ್ನೋ ಉತ್ತರ ಸಿಕ್ಕಿತ್ತು. ಮಾಡಿದೆ. ಹತ್ತನೇ ಕ್ಲಾಸಿನಲ್ಲಿ 37 ಅಂಕ ತಗೊಂಡು ಪಾಸೂ ಆದೆ. ಯಾಕೆ ಅನ್ನೋದು ತಿಳಿಯಲೇ ಇಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ, "ನಿನ್ನೆ ಸಂತಿಗೆ ಹೋದ್ಯಾ?" ಅಂದಳು.

"ಹೋಗ್ಲಿಲ್ಲ."

"ಹೋದೆ ಇಲ್ಲ ಅಂತ ಯಾಕ ಅನ್ಲಿಲ್ಲ?"

ಕೈಯಲ್ಲಿದ್ದ ನಾರು ಕೆಳಗಿಟ್ಟೆ. ಹೋದೆ, ಹೋಗಲಿಲ್ಲ. ಬಂದೆ, ಬರಲಿಲ್ಲ. ಕೊಟ್ಟೆ, ಕೊಡಲಿಲ್ಲ. ಇಲ್ಲ ಅನ್ನುವಾಗ ನಾವೂ 'ಹೋದೆ' ಬಿಟ್ಟು 'ಹೋಗು'ಗೆ ವಾಪಸ್ ಬರ್ತೀವಿ ಅಲ್ವಾ! ಹೋಗಲ್ಲ ಅಂದರೆ ಮುಂದಿನ ಮಾತು, ಹೋಗಲಿಲ್ಲ ಅಂದರೆ ಆಗಿಹೋದದ್ದು. ನಿನ್ನೆಯ ಭಾರವನ್ನೆಲ್ಲ ಆ 'ಲಿಲ್ಲ' ಹೊತ್ತುಕೊಂಡಿರುತ್ತೆ. ಇಂಗ್ಲಿಷಿನಲ್ಲಿ ಆ ಕೆಲಸ ಡಿಡ್‌ದು. ವೆಂಟ್, ಡಿಡ್ ನಾಟ್ ಗೋ. ಕೇಮ್, ಡಿಡ್ ನಾಟ್ ಕಮ್. ಪ್ರಶ್ನೆಯಲ್ಲಿ ಮಾತ್ರ ದಾರಿ ಬೇರೆ. ನಾವು 'ಮಾಡಿದೆ'ಯನ್ನು ಹಾಗೇ ಇಟ್ಟು ಕೊನೆಗೆ ಒಂದು 'ಆ' ಹಚ್ಚಿ ಮಾಡಿದ್ಯಾ ಅಂತೀವಿ, ಅವರು ಅಲ್ಲೂ ಡಿಡ್ ಅನ್ನು ಕರೆದು ಮುಂದೆ ನಿಲ್ಲಿಸ್ತಾರೆ, ಅದು ಬಂದ ಕೂಡಲೇ ಮೇಡ್ ಮತ್ತೆ ಮೇಕ್ ಆಗುತ್ತೆ.

ಇನ್ನೊಂದು ಮಾತೂ ಹೇಳಿದಳು. ಮಾಡಿದೆ ಅಂದರೆ ನಾನು, ಮಾಡಿದಳು ಅಂದರೆ ಅವಳು, ನಮ್ಮಲ್ಲಿ ಬಾಲದಲ್ಲೇ ಗೊತ್ತಾಗುತ್ತೆ. ಮೇಡ್ ಎಲ್ಲರಿಗೂ ಒಂದೇ. ಅದಕ್ಕೇ ಇಂಗ್ಲಿಷಿನಲ್ಲಿ ಐ, ಶಿ ಬಿಡೋ ಹಾಗಿಲ್ಲ.

ರಾತ್ರಿ ಒಲೆ ಆರಿಸಿ ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಭಾಷೆ ಪಕ್ಕಪಕ್ಕ ಬರೆದೆ. ಬೀಳು, ಬಿದ್ದೆ, ಫಾಲ್, ಫೆಲ್. ತರು, ತಂದೆ, ಬ್ರಿಂಗ್, ಬ್ರಾಟ್. ಇಂಗ್ಲಿಷ್ ಪದ ಹಿಂಗ್ಯಾಕೆ ಬದಲಾಗುತ್ತೆ ಅಂತ ಹೆದರುತ್ತಿದ್ದ ನಾನು, 'ತರು' ಹೋಗಿ 'ತಂದೆ' ಆಗೋದನ್ನು ಹುಟ್ಟಿದಾಗಿನಿಂದ ಆಡ್ತಾನೇ ಇದ್ದೀನಿ. ಕಟ್ ಮಾತ್ರ ನಿನ್ನೆಗೂ ಕಟ್, ಇವತ್ತಿಗೂ ಕಟ್. ಅದು ಬಹಳ ಇಷ್ಟವಾಯ್ತು. ಕನ್ನಡ ಶಾಲೆ ಮಕ್ಕಳಿಗೆ ಹೀಗೆ ಅವರ ಮಾತನ್ನೇ ಪಕ್ಕಕ್ಕಿಟ್ಟು ಹೇಳಿಕೊಟ್ಟರೆ ಎಷ್ಟೋ ಭಯ ಹೋಗುತ್ತೆ, ಇದನ್ನ ನಾನು ಮನಸಾರೆ ನಂಬ್ತೀನಿ.

ಜನವರಿಯಲ್ಲಿ ಗಂಡ ಹೆಂಡತಿ ಇಬ್ಬರು ಏದುಸಿರು ಬಿಡುತ್ತಾ ಬಂದು ಕಟ್ಟೆ ಮೇಲೆ ಕೂತರು. ಈ ಸಲ ನಾನೇ ಮೊದಲು ಕೇಳಿದೆ. "ಡಿಡ್ ಯು ಕ್ಲೈಂಬ್ ಅಂಜನಾದ್ರಿ?"

"ಯೆಸ್, ವಿ ಡಿಡ್!"

575 ಮೆಟ್ಟಿಲು ಹತ್ತಿ ಇಳಿದವರು. ನೀರು ಕೊಟ್ಟೆ. ಅವರು ಬ್ಯಾಗ್ ಮುಟ್ಟಿದಾಗ "ಐ ಮೇಡ್ ಇಟ್" ಅಂತ ಶುರು ಮಾಡಿ, ಕಟ್, ಡ್ರೈಡ್ ಅಂತ ಒಂದೊಂದೇ ಹೇಳ್ತಾ ಬಂದೆ. ಹೊಸೆದೆ ಅನ್ನೋದಕ್ಕೆ ಪದ ಗೊತ್ತಿರಲಿಲ್ಲ. ಎರಡು ಎಳೆ ನಾರು ತಗೊಂಡು ಅಂಗೈಯಲ್ಲಿ ಹೊಸೆದು ತೋರಿಸಿದೆ. "ಟ್ವಿಸ್ಟೆಡ್" ಅಂದರು ಆ ಹೆಂಗಸು, ಎರಡು ಸಲ, ನಿಧಾನವಾಗಿ.

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಹೊಸೆದೆ, ಟ್ವಿಸ್ಟೆಡ್. ಹೊಸೆಯಲಿಲ್ಲ, ಡಿಡ್ ನಾಟ್ ಟ್ವಿಸ್ಟ್.